ರೇಂಜರ್ಸ್ ಕುಸಿದಾಗ ಎದುರಾಳಿ ಅಭಿಮಾನಿಗಳು ಎತ್ತಿದ ಪ್ರಶ್ನೆಗಳು

2012ರ ಫೆಬ್ರುವರಿ 14ರಂದು ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ರೇಂಜರ್ಸ್ ಫುಟ್‌ಬಾಲ್ ಕ್ಲಬ್ ತನ್ನ ಬಾಕಿಗಳನ್ನು ತೀರಿಸಲಾಗದೆ, ಕಾನೂನಿನ ಪ್ರಕಾರ ನೇಮಕವಾದ ಹೊರಗಿನ ಆಡಳಿತಾಧಿಕಾರಿಗಳ ಕೈಗೆ ಹೋಯಿತು. 1872ರಲ್ಲಿ ಹುಟ್ಟಿ, ಅಷ್ಟು ಹೊತ್ತಿಗಾಗಲೇ 54 ಬಾರಿ ದೇಶದ ಲೀಗ್ ಗೆದ್ದಿದ್ದ ಕ್ಲಬ್ ಅದು. ಅದೇ ನಗರದ ಇನ್ನೊಂದು ದೊಡ್ಡ ಕ್ಲಬ್ ಸೆಲ್ಟಿಕ್. ಸೆಲ್ಟಿಕ್ ತನ್ನ ಮೊಟ್ಟಮೊದಲ ಪಂದ್ಯವನ್ನು 1888ರಲ್ಲಿ ಆಡಿದ್ದು ರೇಂಜರ್ಸ್ ವಿರುದ್ಧವೇ. ಐರ್ಲೆಂಡಿನಿಂದ ವಲಸೆ ಬಂದ ಕ್ಯಾಥೊಲಿಕ್ ಬಡವರ ನಡುವೆ ಹುಟ್ಟಿದ ಕ್ಲಬ್ ಸೆಲ್ಟಿಕ್, ಪ್ರಾಟೆಸ್ಟೆಂಟ್ ಮತ್ತು ಬ್ರಿಟಿಷ್‌ ನಿಷ್ಠೆಯೊಂದಿಗೆ ಗುರುತಿಸಿಕೊಂಡ ಕ್ಲಬ್ ರೇಂಜರ್ಸ್. ಹಾಗಾಗಿ ಇವರ ಪೈಪೋಟಿಯಲ್ಲಿ ಆಟದ ಜೊತೆಗೆ ಧರ್ಮ, ವಲಸೆ, ರಾಜಕೀಯ ಎಲ್ಲವೂ ಸೇರಿಕೊಂಡಿವೆ. ರೇಂಜರ್ಸ್ ಮುಳುಗುತ್ತಿದೆ ಎಂಬ ಸುದ್ದಿ ಸೆಲ್ಟಿಕ್ ಅಭಿಮಾನಿಗಳ ನಡುವೆ ಎಂತಹ ಉತ್ಸಾಹ ತಂದಿರಬೇಕು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಹಗೆಯವನ ಸಂಕಟಕ್ಕೆ ಹಿಗ್ಗುವುದು ಮನುಷ್ಯ ಸಹಜ ಎಂದು ಹೇಳಿ ಆ ವರ್ಷದ ಚರ್ಚೆಯನ್ನು ಬದಿಗೆ ಸರಿಸಿದವರು ಅನೇಕರು. ಆ ಚರ್ಚೆಯಲ್ಲಿ ಗೇಲಿ, ಹಾಡು, ಕುಣಿತ ಧಾರಾಳವಾಗಿ ಇದ್ದುದು ನಿಜ. ಅದರ ಒಳಗೆ ಗಂಭೀರವಾದ ಪ್ರಶ್ನೆಗಳೂ ಇದ್ದವು: ಕ್ಲಬ್ ಎಂದರೆ ಏನು, ಕಂಪನಿ ಎಂದರೆ ಏನು, ಒಂದು ಸತ್ತರೆ ಇನ್ನೊಂದು ಉಳಿಯಬಲ್ಲದೆ, ತೆರಿಗೆ ಕಟ್ಟದೆ ಉಳಿಸಿದ ಹಣದಲ್ಲಿ ಗೆದ್ದ ಪ್ರಶಸ್ತಿಗಳು ನಿಲ್ಲಬೇಕೆ, ಎದುರಾಳಿಯಿಂದ ನಮಗೂ ವರಮಾನವಿದೆ ಎಂಬ ಕಾರಣಕ್ಕೆ ಅವನನ್ನು ನಿಯಮ ಮೀರಿ ಉಳಿಸಬೇಕೆ. ಹಣದ ಲೆಕ್ಕಕ್ಕೂ ಆಟದ ನ್ಯಾಯಕ್ಕೂ ಇರುವ ನಂಟನ್ನು ಆಗ ಫುಟ್‌ಬಾಲ್ ಆಡಳಿತಗಾರರಿಗಿಂತ ಸ್ಪಷ್ಟವಾಗಿ ಕಂಡವರು ಎದುರಾಳಿ ಕ್ಲಬ್‌ಗಳ ಸಾಮಾನ್ಯ ಅಭಿಮಾನಿಗಳು ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಏಕೆ ಎಂದು ತಿಳಿಯಬೇಕಾದರೆ ಮೊದಲು ಸಾಲ ಬೆಳೆದ ಬಗೆಯನ್ನು ನೋಡಬೇಕು.

1988ರ ನವೆಂಬರ್‌ನಲ್ಲಿ ಉಕ್ಕಿನ ವ್ಯಾಪಾರಿ ಡೇವಿಡ್ ಮರ್ರೆ ಸುಮಾರು 60 ಲಕ್ಷ ಪೌಂಡ್‌ಗೆ ರೇಂಜರ್ಸ್ ಕ್ಲಬ್ಬನ್ನು ಕೊಂಡರು. ಅವರ ಕಾಲದಲ್ಲಿ ಕ್ಲಬ್ ಸತತ ಒಂಬತ್ತು ಬಾರಿ ಲೀಗ್ ಗೆದ್ದಿತು. ಸೆಲ್ಟಿಕ್ ಐದು ಪೌಂಡ್ ಖರ್ಚು ಮಾಡಿದರೆ ನಾವು ಹತ್ತು ಮಾಡುತ್ತೇವೆ ಎಂಬ ಅರ್ಥದ ಅವರ ಮಾತು ಸ್ಕಾಟ್ಲೆಂಡಿನಲ್ಲಿ ಇಂದಿಗೂ ಎಲ್ಲರ ಬಾಯಲ್ಲಿದೆ. ಸ್ಕಾಟ್ಲೆಂಡ್ 50 ಲಕ್ಷದ ಆಸುಪಾಸು ಜನಸಂಖ್ಯೆಯ ದೇಶ. ಅಲ್ಲಿನ ಲೀಗಿಗೆ ಟಿವಿ ಪ್ರಸಾರದಿಂದ ಬರುವ ಹಣ ಪಕ್ಕದ ಇಂಗ್ಲೆಂಡಿನದಕ್ಕೆ ಹೋಲಿಸಿದರೆ ಬಹಳ ಚಿಕ್ಕದು. ಅಂತಹ ಲೀಗಿನ ಕ್ಲಬ್ ಒಂದು ಯುರೋಪಿನ ದೊಡ್ಡವರ ಸಮಕ್ಕೆ ನಿಲ್ಲಬೇಕೆಂದು ಹೊರಟರೆ ಎರಡೇ ದಾರಿ: ಪ್ರತಿವರ್ಷ ಯುರೋಪಿನ ಅಗ್ರ ಕ್ಲಬ್‌ಗಳ ಪಂದ್ಯಾವಳಿಯಾದ ಚಾಂಪಿಯನ್ಸ್ ಲೀಗಿಗೆ ಹೋಗಿ ಅಲ್ಲಿನ ಹಣ ತರಬೇಕು, ಇಲ್ಲವೇ ಸಾಲ ಮಾಡಬೇಕು. ಚಾಂಪಿಯನ್ಸ್ ಲೀಗಿನ ವರಮಾನ ಒಂದೆರಡು ಅರ್ಹತಾ ಪಂದ್ಯಗಳ ಮೇಲೆ ನಿಂತಿರುತ್ತದೆ, ಆದರೆ ಆಟಗಾರರ ಸಂಬಳದ ಒಪ್ಪಂದಗಳು ಮೂರು ನಾಲ್ಕು ವರ್ಷಗಳವು. ಒಂದು ಸೋಲು ಬಂದ ವರ್ಷವೂ ಸಂಬಳ ಕೊಡಲೇಬೇಕು.

ಈ ನಡಿಗೆಯ ತುದಿಯನ್ನು ಕಾಣಬೇಕಾದರೆ 2000ದ ನವೆಂಬರ್ ನೋಡಿದರೆ ಸಾಕು. ತರಬೇತುದಾರ ಡಿಕ್ ಆಡ್ವೊಕಾಟ್ ಅವರ ತಂಡಕ್ಕಾಗಿ ನಾರ್ವೆಯ ಟೋರೆ ಆಂಡ್ರೆ ಫ್ಲೋ ಅವರನ್ನು 1 ಕೋಟಿ 20 ಲಕ್ಷ ಪೌಂಡ್ ಕೊಟ್ಟು ಇಂಗ್ಲೆಂಡಿನ ಚೆಲ್ಸಿ ಕ್ಲಬ್ಬಿನಿಂದ ತರಲಾಯಿತು. ಆಟಗಾರರ ಖರೀದಿಯಲ್ಲಿ ಸ್ಕಾಟ್ಲೆಂಡ್ ಅಲ್ಲಿಯವರೆಗೆ ಅಷ್ಟು ದೊಡ್ಡ ಮೊತ್ತ ಕಂಡಿರಲಿಲ್ಲ. ಮುಂದಿನ ಕೆಲವೇ ವರ್ಷಗಳಲ್ಲಿ ಕ್ಲಬ್ಬಿನ ಸಾಲ 8 ಕೋಟಿ ಪೌಂಡ್ ಆಸುಪಾಸಿಗೆ ಏರಿತು. 2004ರಲ್ಲಿ ಮರ್ರೆ ತಮ್ಮ ಕಂಪನಿಯ ಹಣವನ್ನೇ ಹೊಸ ಷೇರುಗಳ ಮೂಲಕ ಸುರಿದು ಸಾಲ ಇಳಿಸಿದರು. 2008ರ ಜಾಗತಿಕ ಹಣಕಾಸು ಕುಸಿತ ಅವರ ಉಕ್ಕು ಮತ್ತು ಆಸ್ತಿ ವ್ಯಾಪಾರಗಳನ್ನು ಹಿಂಡಿತು. ಕ್ಲಬ್ಬಿಗೆ ಸಾಲ ಕೊಟ್ಟಿದ್ದ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ತಾನೇ ಸಂಕಟಕ್ಕೆ ಸಿಕ್ಕಿ ಲಾಯ್ಡ್ಸ್ ಬ್ಯಾಂಕಿನಲ್ಲಿ ಲೀನವಾಯಿತು. ಹಿಂದಿನ ಬ್ಯಾಂಕಿಗೆ ಇದ್ದ ಸಲಿಗೆ ಹೊಸ ಬ್ಯಾಂಕಿಗೆ ಇರಲಿಲ್ಲ.

ಇಷ್ಟೇ ಆಗಿದ್ದರೆ ರೇಂಜರ್ಸ್ ಸಾಲ ತೀರಿಸುತ್ತಾ, ಆಟಗಾರರನ್ನು ಮಾರುತ್ತಾ ಹೇಗೋ ಉಳಿಯುತ್ತಿತ್ತು. 2009ರಿಂದ 2011ರವರೆಗೆ ವಾಲ್ಟರ್ ಸ್ಮಿತ್ ಅವರ ತಂಡ ಸತತ ಮೂರು ಲೀಗ್ ಗೆದ್ದಿತ್ತು, ಬ್ಯಾಂಕಿನ ಸಾಲವೂ 1 ಕೋಟಿ 80 ಲಕ್ಷ ಪೌಂಡ್‌ಗೆ ಇಳಿದಿತ್ತು. ಕ್ಲಬ್ಬಿನ ಮಾರಾಟಕ್ಕೆ ಅಡ್ಡ ಬಂದದ್ದು ಇನ್ನೊಂದು ಲೆಕ್ಕ. ಸೆಲ್ಟಿಕ್ ಅಭಿಮಾನಿಗಳು ಅತಿ ಹೆಚ್ಚು ಓದಿ, ಅತಿ ಹೆಚ್ಚು ವಾದಿಸಿದ್ದು ಇದರ ಬಗೆಗೇ. ಆದ್ದರಿಂದ ಇದನ್ನು ತುಸು ನಿಧಾನವಾಗಿ ಬಿಡಿಸಬೇಕು.

2001ರಿಂದ 2010ರವರೆಗೆ ರೇಂಜರ್ಸ್ ತನ್ನ ಅನೇಕ ಆಟಗಾರರಿಗೂ ಕೆಲವು ಅಧಿಕಾರಿಗಳಿಗೂ ಸಂಬಳದ ಒಂದು ಭಾಗವನ್ನು ನೇರವಾಗಿ ಕೊಡುತ್ತಿರಲಿಲ್ಲ. ಮರ್ರೆ ಸಮೂಹ ನೌಕರರ ಹಿತಕ್ಕೆಂದು ಒಂದು ಟ್ರಸ್ಟ್ ಸ್ಥಾಪಿಸಿತ್ತು. ಕ್ಲಬ್ ಆ ಟ್ರಸ್ಟಿಗೆ ಹಣ ಹಾಕುತ್ತಿತ್ತು, ಟ್ರಸ್ಟಿನೊಳಗೆ ಒಬ್ಬೊಬ್ಬ ಆಟಗಾರನ ಹೆಸರಿನಲ್ಲಿ ಒಂದೊಂದು ಉಪಟ್ರಸ್ಟ್ ಇರುತ್ತಿತ್ತು, ಆ ಉಪಟ್ರಸ್ಟ್ ಆಟಗಾರನಿಗೆ ‘ಸಾಲ’ ಕೊಡುತ್ತಿತ್ತು. ಸಂಬಳದ ಮೇಲೆ ಆದಾಯ ತೆರಿಗೆ ಮತ್ತು ಸಾಮಾಜಿಕ ವಿಮೆಯ ಪಾಲು ಕಟ್ಟಬೇಕು. ಸಾಲದ ಮೇಲೆ ಕಟ್ಟಬೇಕಿಲ್ಲ. ಆ ಸಾಲವನ್ನು ಯಾರೂ ಬೇಗನೆ ಹಿಂದಕ್ಕೆ ಕೇಳುವ ಸಂಭವವೂ ಇರಲಿಲ್ಲ. ಹೀಗೆ ಸಾಗಿದ ಮೊತ್ತ ಸುಮಾರು 4 ಕೋಟಿ 70 ಲಕ್ಷ ಪೌಂಡ್. ಅಂದರೆ ಆಟಗಾರನ ಕೈಗೆ ಅದೇ ಮೊತ್ತ ಸೇರಬೇಕಾದರೆ, ತೆರಿಗೆ ಕಟ್ಟುವ ಕ್ಲಬ್ ಬಹಳ ಹೆಚ್ಚು ಖರ್ಚು ಮಾಡಬೇಕಿತ್ತು. ರೇಂಜರ್ಸ್‌ಗೆ ಆ ಹೆಚ್ಚುವರಿ ಖರ್ಚು ಬರಲಿಲ್ಲ.

ಬ್ರಿಟನ್ನಿನ ತೆರಿಗೆ ಇಲಾಖೆ ಇದು ಸಾಲವಲ್ಲ, ಸಂಬಳವೇ ಎಂದು ಪಟ್ಟು ಹಿಡಿಯಿತು. ವ್ಯಾಜ್ಯದ ದಾರಿ ನೇರವಾಗಿರಲಿಲ್ಲ. 2012ರ ನವೆಂಬರ್‌ನಲ್ಲಿ ಮೊದಲ ಹಂತದ ನ್ಯಾಯಮಂಡಳಿ ಬಹುಮತದಿಂದ ಬಹುಪಾಲು ರೇಂಜರ್ಸ್ ಪರವಾಗಿಯೇ ತೀರ್ಪು ಕೊಟ್ಟಿತು. 2014ರಲ್ಲಿ ಮೇಲಿನ ನ್ಯಾಯಮಂಡಳಿಯೂ ಇಲಾಖೆಯ ಮೇಲ್ಮನವಿಯನ್ನು ತಳ್ಳಿಹಾಕಿತು. 2015ರ ನವೆಂಬರ್‌ನಲ್ಲಿ ಎಡಿನ್‌ಬರೊದ ಉನ್ನತ ನ್ಯಾಯಾಲಯ ಅದನ್ನು ತಿರುಗಿಸಿತು. 2017ರ ಜುಲೈ 5ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಕೊನೆಯ ಮಾತು ಹೇಳಿತು: ನೌಕರನ ದುಡಿಮೆಗೆ ಪ್ರತಿಫಲವಾಗಿ ಕೊಟ್ಟ ಹಣ ಮೂರನೆಯವರ ಕೈಗೆ ಹೋದರೂ ಅದು ನೌಕರನ ಸಂಪಾದನೆಯೇ, ಅದನ್ನು ಟ್ರಸ್ಟಿಗೆ ಕೊಡುವಾಗಲೇ ತೆರಿಗೆ ಕಟ್ಟಬೇಕಿತ್ತು. ಆ ಹೊತ್ತಿಗೆ ಕ್ಲಬ್ಬಿನ ಹಳೆಯ ಕಂಪನಿ ಮುಳುಗಿ ಐದು ವರ್ಷವಾಗಿತ್ತು. ಓದುಗರು ಇಲ್ಲಿ ಒಂದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ರೇಂಜರ್ಸ್ ಈ ತೆರಿಗೆ ಪ್ರಕರಣ ಸೋತು ಮುಳುಗಿತು ಎಂಬ ನಂಬಿಕೆ ವ್ಯಾಪಕವಾಗಿದೆ. ದಿನಗಳ ಅನುಕ್ರಮ ಅದನ್ನು ಒಪ್ಪುವುದಿಲ್ಲ. ಕ್ಲಬ್ ಮುಳುಗಿದಾಗ ಈ ಪ್ರಕರಣದಲ್ಲಿ ಯಾವ ತೀರ್ಪೂ ಬಂದಿರಲಿಲ್ಲ. ಬಂದೀತೆಂಬ ಭಯ ಮಾತ್ರ ಇತ್ತು. ಆ ಭಯದಿಂದಲೇ ಶ್ರೀಮಂತ ಖರೀದಿದಾರರು ಹತ್ತಿರ ಸುಳಿಯಲಿಲ್ಲ.

ಹತ್ತಿರ ಬಂದವರು ಕ್ರೇಗ್ ವೈಟ್. 2011ರ ಮೇ 6ರಂದು ಅವರು ಮರ್ರೆಯವರ ಪಾಲನ್ನು ಒಂದು ಪೌಂಡ್ ಬೆಲೆಗೆ ಕೊಂಡರು; ಬದಲಿಗೆ ಲಾಯ್ಡ್ಸ್ ಬ್ಯಾಂಕಿನ 1 ಕೋಟಿ 80 ಲಕ್ಷ ಪೌಂಡ್ ಸಾಲವನ್ನು ತೀರಿಸುವ ಹೊಣೆ ಹೊತ್ತರು. ಸಾಲ ತೀರಿತು. ಅದಕ್ಕೆ ಹಣ ಬಂದದ್ದು ಟಿಕೆಟಸ್ ಎಂಬ ಸಂಸ್ಥೆಯಿಂದ. ಅಭಿಮಾನಿಗಳು ಮುಂದಿನ ಹಲವು ವರ್ಷಗಳಲ್ಲಿ ಕೊಳ್ಳಲಿರುವ ಸೀಸನ್ ಟಿಕೆಟ್‌ಗಳನ್ನು ಆ ಸಂಸ್ಥೆಗೆ ಮೊದಲೇ ಮಾರಿ ಸುಮಾರು 2 ಕೋಟಿ 40 ಲಕ್ಷ ಪೌಂಡ್ ಎತ್ತಲಾಗಿತ್ತು. ಬ್ಯಾಂಕಿನ ಸಾಲ ಹೋಯಿತು, ಆದರೆ ಅದಕ್ಕಿಂತ ದೊಡ್ಡ ಬಾಕಿ ಅಭಿಮಾನಿಗಳ ನಾಳಿನ ಟಿಕೆಟ್ ಹಣದ ಮೇಲೆ ಕುಳಿತಿತು. ಫುಟ್‌ಬಾಲ್ ಕ್ಲಬ್ಬಿಗೆ ಸೀಸನ್ ಟಿಕೆಟ್ ಎಂದರೆ ವರ್ಷದ ಆರಂಭದಲ್ಲಿ ಒಟ್ಟಿಗೆ ಬರುವ ನಗದು, ವರ್ಷವಿಡೀ ಸಂಬಳ ಕೊಡುವುದು ಅದರಿಂದಲೇ. ಅದನ್ನೇ ಮುಂಗಡವಾಗಿ ತಿಂದ ಮೇಲೆ ಉಳಿಯುವುದು ಯುರೋಪಿನ ಪಂದ್ಯಗಳ ಹಣ ಮಾತ್ರ. ಆ ಬೇಸಿಗೆಯಲ್ಲಿ ರೇಂಜರ್ಸ್ ಸ್ವೀಡನ್ನಿನ ಮಾಲ್ಮೊ ಎದುರು ಸೋತು ಚಾಂಪಿಯನ್ಸ್ ಲೀಗಿನಿಂದಲೂ, ಸ್ಲೊವೇನಿಯಾದ ಮಾರಿಬೊರ್ ಎದುರು ಸೋತು ಯುರೋಪಾ ಲೀಗಿನಿಂದಲೂ ಹೊರಬಿತ್ತು.

ಆಮೇಲೆ ನಡೆದದ್ದೇ ಕ್ಲಬ್ಬನ್ನು ಮುಳುಗಿಸಿದ ನೇರ ಕಾರಣ. ನೌಕರರ ಸಂಬಳದಿಂದ ಕಡಿದ ಆದಾಯ ತೆರಿಗೆ, ಟಿಕೆಟ್ ಕೊಂಡವರಿಂದ ವಸೂಲಾದ ಮೌಲ್ಯವರ್ಧಿತ ತೆರಿಗೆ ಎರಡೂ ಇಲಾಖೆಗೆ ಹೋಗುವುದು ನಿಂತಿತು. ಆಡಳಿತಾಧಿಕಾರಿಗಳು ಬರುವ ಹೊತ್ತಿಗೆ ಆ ಬಾಕಿ ಸುಮಾರು 90 ಲಕ್ಷ ಪೌಂಡ್ ಆಗಿತ್ತು. ಟ್ರಸ್ಟಿನ ಪ್ರಕರಣದಲ್ಲಿ ಕಾನೂನಿನ ವ್ಯಾಖ್ಯಾನದ ಬಗ್ಗೆ ವಾದಕ್ಕೆ ಜಾಗವಿತ್ತು. ಇಲ್ಲಿ ಅಂತಹ ಯಾವ ವಾದಕ್ಕೂ ಜಾಗವಿರಲಿಲ್ಲ. ಕ್ಲಬ್ ಖರೀದಿಯ ವ್ಯವಹಾರದಲ್ಲಿ ವಂಚನೆ ನಡೆದಿದೆ ಎಂಬ ಆರೋಪದ ಮೇಲೆ ವೈಟ್ ವಿಚಾರಣೆ ಎದುರಿಸಿದರು, 2017ರ ಜೂನ್‌ನಲ್ಲಿ ಗ್ಲಾಸ್ಗೊದ ಹೈಕೋರ್ಟಿನಲ್ಲಿ ತೀರ್ಪುಗಾರರು ಅವರನ್ನು ನಿರ್ದೋಷಿ ಎಂದು ಬಿಡುಗಡೆ ಮಾಡಿದರು. ಈ ಪ್ರಸಂಗವನ್ನು ಹೇಳುವಾಗ ಅದನ್ನೂ ಹೇಳಬೇಕಾದ್ದು ನ್ಯಾಯ.

ಆಡಳಿತಾಧಿಕಾರಿಗಳ ನೇಮಕ ಎಂದರೆ ಕ್ಲಬ್ ಸತ್ತಂತೆ ಅಲ್ಲ. ಬಾಕಿ ಬರಬೇಕಾದವರು ಒಬ್ಬೊಬ್ಬರಾಗಿ ಆಸ್ತಿಯ ಮೇಲೆ ಬೀಳದಂತೆ ತಡೆದು, ಎಲ್ಲರಿಗೂ ಸಾಧ್ಯವಾದಷ್ಟು ಹೆಚ್ಚು ಹಣ ಸಿಗುವ ದಾರಿ ಹುಡುಕಲು ಕಾನೂನು ಕೊಡುವ ಬಿಡುವು ಅದು. ರೇಂಜರ್ಸ್‌ಗೆ ಡಫ್ ಆಂಡ್ ಫೆಲ್ಪ್ಸ್ ಸಂಸ್ಥೆಯವರು ಆಡಳಿತಾಧಿಕಾರಿಗಳಾದರು. ಲೀಗ್ ನಿಯಮದಂತೆ ಕ್ಲಬ್ಬಿನ 10 ಅಂಕ ಕಡಿತವಾಯಿತು, ಆ ವರ್ಷದ ಪ್ರಶಸ್ತಿ ಸೆಲ್ಟಿಕ್ ಪಾಲಾಯಿತು, ಆಟಗಾರರು ಸಂಬಳದಲ್ಲಿ ದೊಡ್ಡ ಕಡಿತ ಒಪ್ಪಿಕೊಂಡರು. ಏಪ್ರಿಲ್‌ನಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ತೆರಿಗೆ ಪ್ರಕರಣವೂ ವಿರುದ್ಧವಾಗಿ ಹೋದರೆ ಒಟ್ಟು ಬಾಕಿ 13 ಕೋಟಿ 40 ಲಕ್ಷ ಪೌಂಡ್ ತಲಪುವ ಸಾಧ್ಯತೆಯಿತ್ತು. ಬಾಕಿ ಬರಬೇಕಾದವರ ಪಟ್ಟಿಯಲ್ಲಿ ತೆರಿಗೆ ಇಲಾಖೆ ಮತ್ತು ಟಿಕೆಟಸ್ ಮುಂದಿದ್ದವು; ಆಟಗಾರರನ್ನು ಮಾರಿದ ರಾಪಿಡ್ ವಿಯೆನ್ನಾ, ಹಾರ್ಟ್ಸ್ ಮುಂತಾದ ಕ್ಲಬ್‌ಗಳಿದ್ದವು; ಪಂದ್ಯದ ದಿನ ಬರುತ್ತಿದ್ದ ಆಂಬುಲೆನ್ಸ್ ಸೇವೆಯೂ, ಸಣ್ಣಪುಟ್ಟ ವ್ಯಾಪಾರಿಗಳೂ ಇದ್ದರು. ಎದುರಾಳಿ ಅಭಿಮಾನಿಗಳ ನಗು ಸಿಟ್ಟಿಗೆ ತಿರುಗಿದ್ದು ಈ ಪಟ್ಟಿ ಹೊರಬಂದಾಗ.

ಬಾಕಿ ಬರಬೇಕಾದವರ ಜೊತೆ ಒಪ್ಪಂದ ಮಾಡಿಕೊಂಡು, ಪೌಂಡಿಗೆ ಇಷ್ಟು ಪೆನ್ನಿ ಎಂದು ಕೊಟ್ಟು, ಅದೇ ಕಂಪನಿಯನ್ನು ಉಳಿಸಿಕೊಳ್ಳುವುದು ಒಂದು ದಾರಿ. ಮತ ಚಲಾಯಿಸಿದ ಬಾಕಿಗಳ ಮೌಲ್ಯದಲ್ಲಿ ಶೇ 75ರಷ್ಟು ಒಪ್ಪಿದರೆ ಮಾತ್ರ ಅದು ಸಾಧ್ಯ. ತೆರಿಗೆ ಇಲಾಖೆಯ ಪಾಲು ಶೇ 25ಕ್ಕಿಂತ ಹೆಚ್ಚಿದ್ದರಿಂದ ಅದು ಒಂದೇ ಬೇಡ ಎಂದರೂ ಒಪ್ಪಂದ ಬೀಳುತ್ತಿತ್ತು. ಜೂನ್ 12ರಂದು ಇಲಾಖೆ ಬೇಡ ಎಂದಿತು. ಒಪ್ಪಂದವಾದರೆ ಹಿಂದಿನ ನಿರ್ದೇಶಕರ ನಡವಳಿಕೆಯ ತನಿಖೆಗೆ ಅವಕಾಶ ಕಡಿಮೆ, ಕಂಪನಿಯನ್ನು ಸಮಾಪನಗೊಳಿಸಿದರೆ ಅಧಿಕಾರ ಹೆಚ್ಚು ಎಂಬುದು ಅದರ ನಿಲುವಾಗಿತ್ತು. ಎರಡು ದಿನಗಳ ಬಳಿಕ ಮೈದಾನ, ಹೆಸರು, ಲಾಂಛನ, ಇತರ ಆಸ್ತಿಗಳನ್ನೆಲ್ಲ ಚಾರ್ಲ್ಸ್ ಗ್ರೀನ್ ಮುಂದಾಳತ್ವದ ಹೊಸ ಕಂಪನಿ 55 ಲಕ್ಷ ಪೌಂಡ್‌ಗೆ ಕೊಂಡಿತು. ಸಾಲಗಳೆಲ್ಲ ಹಳೆಯ ಕಂಪನಿಯಲ್ಲೇ ಉಳಿದವು. ಅಭಿಮಾನಿಗಳ ಮಾತಿನಲ್ಲಿ ‘ಓಲ್ಡ್‌ಕೊ’, ‘ನ್ಯೂಕೊ’ ಎಂಬ ಪದಗಳು ಹುಟ್ಟಿದ್ದು ಇಲ್ಲಿಂದ. ಅಲನ್ ಮೆಕ್‌ಗ್ರೆಗರ್, ಸ್ಟೀವನ್ ನೇಸ್ಮಿತ್, ಸ್ಟೀವನ್ ಡೇವಿಸ್ ಮುಂತಾದ ಆಟಗಾರರು ತಮ್ಮ ಒಪ್ಪಂದ ಹೊಸ ಕಂಪನಿಗೆ ವರ್ಗವಾಗಲು ಒಪ್ಪದೆ ಹೊರನಡೆದರು.

ಹೊಸ ಕಂಪನಿ ಲೀಗಿನಲ್ಲಿ ಎಲ್ಲಿ ಆಡಬೇಕು? ಇಡೀ ದೇಶದ ಫುಟ್‌ಬಾಲ್ ಅಭಿಮಾನಿಗಳು ಒಂದಾಗಿ ಮಾತಾಡಿದ್ದು ಈ ಪ್ರಶ್ನೆಯ ಮೇಲೆ. ಮೇಲಿನ ದರ್ಜೆಯಲ್ಲೇ ಅದರ ಜಾಗ ಉಳಿಸಬೇಕು ಎಂಬ ವಾದಕ್ಕೆ ಆಧಾರ ಹಣ. ಸ್ಕೈ ಮತ್ತು ಇಎಸ್‌ಪಿಎನ್ ಜೊತೆಗಿನ, ಐದು ವರ್ಷಕ್ಕೆ 8 ಕೋಟಿ ಪೌಂಡ್‌ನ ಟಿವಿ ಒಪ್ಪಂದ ವರ್ಷಕ್ಕೆ ನಾಲ್ಕು ಸೆಲ್ಟಿಕ್–ರೇಂಜರ್ಸ್ ಪಂದ್ಯಗಳು ನಡೆಯುತ್ತವೆ ಎಂಬ ನಂಬಿಕೆಯ ಮೇಲೆ ನಿಂತಿತ್ತು. ರೇಂಜರ್ಸ್ ಅಭಿಮಾನಿಗಳು ಎರಡು ಸಲ ತುಂಬಿಸಿ ಹೋಗುವ ಮೈದಾನವೇ ಸಣ್ಣ ಕ್ಲಬ್ಬಿಗೆ ವರ್ಷದ ದೊಡ್ಡ ವರಮಾನ. ಸ್ಕಾಟ್ಲೆಂಡಿನ ಫುಟ್‌ಬಾಲ್ ಸಂಸ್ಥೆಯ ಮುಖ್ಯ ಕಾರ್ಯನಿರ್ವಾಹಕ ಸ್ಟೂವರ್ಟ್ ರೀಗನ್, ರೇಂಜರ್ಸ್ ಇಲ್ಲದಿದ್ದರೆ ಆಟ ನಿಧಾನವಾಗಿ ಸಾಯುತ್ತದೆ, ಸಾಮಾಜಿಕ ಅಶಾಂತಿಯೂ ಉಂಟಾದೀತು ಎಂಬ ಅರ್ಥದಲ್ಲಿ ಎಚ್ಚರಿಸಿದರು. ಪತ್ರಿಕೆಗಳು ಇದನ್ನು ಪ್ರಳಯ ಎಂದೇ ಕರೆದವು.

ಸೆಲ್ಟಿಕ್, ಅಬರ್ಡೀನ್, ಹಾರ್ಟ್ಸ್, ಹಿಬರ್ನಿಯನ್, ಡಂಡಿ ಯುನೈಟೆಡ್ ಅಭಿಮಾನಿಗಳ ಉತ್ತರ ಸರಳವಾಗಿತ್ತು. ನಮ್ಮ ಕ್ಲಬ್ ಇಂತಹ ನ್ಯೂಕೊಗೆ ಮತ ಹಾಕಿ ಒಳಗೆ ಬಿಟ್ಟರೆ ನಾವು ಈ ವರ್ಷ ಸೀಸನ್ ಟಿಕೆಟ್ ಕೊಳ್ಳುವುದಿಲ್ಲ. ಇದರ ಹಿಂದಿನ ಲೆಕ್ಕವನ್ನು ಗಮನಿಸಬೇಕು. ಆಡಳಿತ ಮಂಡಳಿಗಳು ರೇಂಜರ್ಸ್ ಇಲ್ಲದಿದ್ದರೆ ಆಗುವ ನಷ್ಟವನ್ನು ಮಾತ್ರ ಎಣಿಸುತ್ತಿದ್ದವು. ಸೋತರೂ ಗೆದ್ದರೂ ಪ್ರತಿವರ್ಷ ದುಡ್ಡು ಕಟ್ಟುವ ತಮ್ಮದೇ ಅಭಿಮಾನಿ, ಈ ಆಟದಲ್ಲಿ ದೊಡ್ಡವರಿಗೆ ಒಂದು ನಿಯಮ, ಸಣ್ಣವರಿಗೆ ಇನ್ನೊಂದು ಎಂದು ಮನವರಿಕೆಯಾಗಿ ಮನೆಯಲ್ಲೇ ಉಳಿದರೆ ಆಗುವ ನಷ್ಟವನ್ನು ಅಭಿಮಾನಿಗಳೇ ಎಣಿಸಿ ತೋರಿಸಿದರು. ಅವರ ಕಣ್ಣ ಮುಂದೆ ಹಳೆಯ ಉದಾಹರಣೆಗಳೂ ಇದ್ದವು. ಗ್ಲಾಸ್ಗೊದ್ದೇ ಆದ ಥರ್ಡ್ ಲಾನಾರ್ಕ್ 1967ರಲ್ಲಿ ಮುಳುಗಿತು. ಏರ್‌ಡ್ರಿಯೋನಿಯನ್ಸ್ 2002ರಲ್ಲಿ ಮುಳುಗಿತು. 2006ರಲ್ಲಿ ಸ್ಕಾಟಿಷ್ ಕಪ್ ಫೈನಲ್ ಆಡಿದ್ದ ಗ್ರೆಟ್ನಾ ಎರಡೇ ವರ್ಷದಲ್ಲಿ ಇಲ್ಲವಾಯಿತು. ಆ ಯಾವ ಕ್ಲಬ್ಬನ್ನೂ ಉಳಿಸಲು ಯಾರೂ ನಿಯಮ ಬಗ್ಗಿಸಿರಲಿಲ್ಲ.

ಜುಲೈ 4ರಂದು ಮೇಲಿನ ದರ್ಜೆಯ 12 ಮತಗಳಲ್ಲಿ 10 ನ್ಯೂಕೊ ವಿರುದ್ಧ ಬಿದ್ದವು. ಕಿಲ್‌ಮಾರ್ನಕ್ ತಟಸ್ಥವಾಗಿ ಉಳಿಯಿತು, ಪರವಾಗಿ ಬಿದ್ದದ್ದು ರೇಂಜರ್ಸ್‌ನದೇ ಮತ. ಆಮೇಲೆ ಅದನ್ನು ಎರಡನೇ ದರ್ಜೆಗಾದರೂ ಸೇರಿಸಿಕೊಳ್ಳಿ ಎಂಬ ಒತ್ತಡ ಕೆಳಗಿನ ಲೀಗಿನ 30 ಸಣ್ಣ ಕ್ಲಬ್‌ಗಳ ಮೇಲೆ ಬಂತು. ರೇತ್ ರೋವರ್ಸ್‌ನ ಮುಖ್ಯಸ್ಥ ಟರ್ನ್‌ಬುಲ್ ಹಟನ್ ಹ್ಯಾಂಪ್ಡನ್ ಮೈದಾನದ ಹೊರಗೆ ನಿಂತು, ನಮಗೆ ಸುಳ್ಳು ಹೇಳಿ ಬೆದರಿಸಲಾಗುತ್ತಿದೆ ಎಂದು ಬಹಿರಂಗವಾಗಿಯೇ ಹೇಳಿದರು. ಜುಲೈ 13ರಂದು 30ರಲ್ಲಿ 25 ಕ್ಲಬ್‌ಗಳು ರೇಂಜರ್ಸ್ ನಾಲ್ಕನೇ ದರ್ಜೆಯಿಂದ, ಅಂದರೆ ತೀರ ಕೆಳಗಿನ ಮೆಟ್ಟಿಲಿನಿಂದ ಆರಂಭಿಸಬೇಕೆಂದು ಮತ ಹಾಕಿದವು. ಎಷ್ಟೋ ರೇಂಜರ್ಸ್ ಅಭಿಮಾನಿಗಳೂ, ಕೃಪೆಯಿಂದ ಮೇಲೆ ಉಳಿಯುವುದಕ್ಕಿಂತ ಕೆಳಗಿನಿಂದ ಏರಿ ಬರುವುದೇ ಮರ್ಯಾದೆ ಎಂದು ಆ ಹೊತ್ತಿಗೆ ಹೇಳತೊಡಗಿದ್ದರು.

ಪ್ರಳಯ ಬರಲಿಲ್ಲ. ರೇಂಜರ್ಸ್‌ನ ಐಬ್ರಾಕ್ಸ್ ಮೈದಾನದಲ್ಲಿ ನಾಲ್ಕನೇ ದರ್ಜೆಯ ಮೊದಲ ಲೀಗ್ ಪಂದ್ಯ ನೋಡಲು 49,118 ಜನ ಬಂದರು. ಎದುರಾಳಿ ಈಸ್ಟ್ ಸ್ಟರ್ಲಿಂಗ್‌ಶೈರ್ ಎಂಬ ಪುಟ್ಟ ಕ್ಲಬ್. ತಮ್ಮ ಕ್ಲಬ್ಬಿನ ಮೇಲೆ ಆ ಜನ ಇಟ್ಟ ನಿಷ್ಠೆಯನ್ನು ಎದುರಾಳಿಗಳೂ ಗೌರವಿಸಬೇಕಾದ್ದೇ. ಮೇಲಿನ ದರ್ಜೆಯಲ್ಲಿ ಟಿವಿ ಹಣ ಕುಗ್ಗಿತು, ಸೆಲ್ಟಿಕ್ ಮೈದಾನದಲ್ಲೂ ಜನ ಕಡಿಮೆಯಾದರು, ಲೀಗ್ ಪ್ರಶಸ್ತಿಯ ಪೈಪೋಟಿ ಸಪ್ಪೆಯಾಯಿತು. ಸೆಲ್ಟಿಕ್ 2012ರಿಂದ 2020ರವರೆಗೆ ಸತತ ಒಂಬತ್ತು ಬಾರಿ ಗೆದ್ದದ್ದು ಲೀಗಿನ ಆರೋಗ್ಯದ ಲಕ್ಷಣವಲ್ಲ ಎಂದು ಅದರ ಅಭಿಮಾನಿಗಳಲ್ಲೇ ಅನೇಕರು ಒಪ್ಪುತ್ತಾರೆ. ಆದರೆ ಕಪ್ ಪಂದ್ಯಾವಳಿಗಳನ್ನು ನೋಡಿ. 2013ರಲ್ಲಿ ಸೇಂಟ್ ಮಿರೆನ್, 2014ರಲ್ಲಿ ಅಬರ್ಡೀನ್, 2016ರಲ್ಲಿ ರಾಸ್ ಕೌಂಟಿ ಲೀಗ್ ಕಪ್ ಗೆದ್ದವು. 2014ರಲ್ಲಿ ಸೇಂಟ್ ಜಾನ್‌ಸ್ಟೋನ್, 2015ರಲ್ಲಿ ಇನ್ವರ್‌ನೆಸ್ ತಮ್ಮ ಇತಿಹಾಸದ ಮೊದಲ ಸ್ಕಾಟಿಷ್ ಕಪ್ ಎತ್ತಿದವು. 2016ರಲ್ಲಿ ಹಿಬರ್ನಿಯನ್ 114 ವರ್ಷಗಳ ಕಾಯುವಿಕೆ ಮುಗಿಸಿತು, ಅದೂ ಫೈನಲ್‌ನಲ್ಲಿ ರೇಂಜರ್ಸ್‌ನ ಎದುರೇ. ಎರಡು ಕ್ಲಬ್‌ಗಳ ಹೊರಗೂ ಸ್ಕಾಟಿಷ್ ಫುಟ್‌ಬಾಲ್ ಇದೆ ಎಂಬುದು ಹೀಗೆ ತಾನಾಗಿ ಕಂಡುಬಂತು.

ಆ ನಡುವೆ ಡನ್‌ಫರ್ಮ್‌ಲೈನ್ ಮತ್ತು ಹಾರ್ಟ್ಸ್ 2013ರಲ್ಲಿ ಆಡಳಿತಾಧಿಕಾರಿಗಳ ಕೈಗೆ ಹೋದದ್ದನ್ನು ರೇಂಜರ್ಸ್ ಇಲ್ಲದಿದ್ದರ ಪರಿಣಾಮ ಎಂದು ತೋರಿಸುವವರಿದ್ದಾರೆ. ಹಾರ್ಟ್ಸ್ ವಿಷಯದಲ್ಲಿ ಅದು ಸರಿಯಲ್ಲ. ಅದರ ಮಾಲೀಕ ವ್ಲಾದಿಮಿರ್ ರೊಮಾನೊವ್ ಅವರ ಲಿಥುವೇನಿಯಾದ ಬ್ಯಾಂಕ್ ಕುಸಿದಾಗ, ಅದರ ಹಣದಲ್ಲೇ ನಡೆದ ಕ್ಲಬ್ಬೂ ಕುಸಿಯಿತು. ಹಾರ್ಟ್ಸ್ 15 ಅಂಕ ಕಳೆದುಕೊಂಡು ಎರಡನೇ ದರ್ಜೆಗೆ ಇಳಿಯಿತು; ಅಭಿಮಾನಿಗಳು ತಿಂಗಳು ತಿಂಗಳು ದುಡ್ಡು ಕೂಡಿಸಿದರು, ಆನ್ ಬಜ್ ಎಂಬ ಉದ್ಯಮಿ ನಡುವೆ ನಿಂತು ನಡೆಸಿದರು, 2021ರಲ್ಲಿ ಬಹುಪಾಲು ಷೇರು ಅಭಿಮಾನಿಗಳ ಸಂಘಟನೆಯ ಕೈಸೇರಿತು. ಹಾರ್ಟ್ಸ್ ಬಾಕಿ ಬರಬೇಕಾದವರ ಜೊತೆ ಒಪ್ಪಂದಕ್ಕೆ ಬಂದು ಅದೇ ಕಂಪನಿಯಾಗಿ ಉಳಿಯಿತು. ಆದ್ದರಿಂದಲೇ ಅದರ ಇತಿಹಾಸದ ಬಗ್ಗೆ ಯಾರೂ ಜಗಳವಾಡುವುದಿಲ್ಲ.

ಸೆಲ್ಟಿಕ್ ಅಭಿಮಾನಿಗಳ ಮಾತಿನಲ್ಲಿ ಇದ್ದ ಕಠೋರತೆಗೆ ಅವರದೇ ನೆನಪೊಂದು ಕಾರಣ. 1994ರ ಮಾರ್ಚ್‌ನಲ್ಲಿ ಸೆಲ್ಟಿಕ್ ಕೂಡ ಬ್ಯಾಂಕಿನ ಸಾಲ ತೀರಿಸಲಾಗದೆ ದಿವಾಳಿಯ ಅಂಚಿಗೆ ಬಂದಿತ್ತು. ಇನ್ನು ಕೆಲವೇ ಗಂಟೆ ಉಳಿದಿರುವಾಗ ಕೆನಡಾದಲ್ಲಿ ನೆಲೆಸಿದ್ದ ಫರ್ಗಸ್ ಮೆಕ್ಕಾನ್ ಹಣ ತಂದು ಕ್ಲಬ್ಬನ್ನು ವಶಕ್ಕೆ ಪಡೆದರು. ಸಾವಿರಾರು ಅಭಿಮಾನಿಗಳು ಷೇರು ಕೊಂಡರು, ಮೈದಾನವನ್ನು 60,000 ಆಸನಗಳಿಗೆ ಬೆಳೆಸಲಾಯಿತು, ಆದರೆ ಖರ್ಚನ್ನು ಮೆಕ್ಕಾನ್ ಬಿಗಿಯಾಗಿ ಹಿಡಿದರು. ರೇಂಜರ್ಸ್ ಕೋಟಿಗಟ್ಟಲೆ ಚೆಲ್ಲುತ್ತಿರುವಾಗ ಈ ಜಿಪುಣತನವೇಕೆ ಎಂದು ಅವರನ್ನು ಮೈದಾನದಲ್ಲೇ ಕೂಗಿ ಹೀಗಳೆದ ಅಭಿಮಾನಿಗಳೂ ಇದ್ದರು. 2012ರಲ್ಲಿ ಅದೇ ಜನ ಹಿಂದಿರುಗಿ ನೋಡಿದಾಗ, ಒಂದು ಕ್ಲಬ್ ತನ್ನ ಗಂಟಿಗೆ ತಕ್ಕಂತೆ ಬದುಕಿದ ವರ್ಷಗಳಲ್ಲಿ ಇನ್ನೊಂದು ಕ್ಲಬ್ ಬೇರೆಯವರ ಗಂಟಿನಿಂದ ಪ್ರಶಸ್ತಿ ಗೆದ್ದಿತ್ತು ಎಂಬ ಭಾವನೆ ಬಲವಾಯಿತು. ಹಾಗಾಗಿ ಪ್ರಶಸ್ತಿಗಳನ್ನು ಕಿತ್ತುಕೊಳ್ಳಬೇಕೆಂಬ ಬೇಡಿಕೆ ಬಂತು.

ಅದನ್ನು ಪರಿಶೀಲಿಸಲು ಲೀಗ್ ನೇಮಿಸಿದ ಆಯೋಗಕ್ಕೆ ನಿವೃತ್ತ ನ್ಯಾಯಾಧೀಶ ಲಾರ್ಡ್ ನಿಮ್ಮೊ ಸ್ಮಿತ್ ಅಧ್ಯಕ್ಷರು. 2013ರ ಫೆಬ್ರುವರಿಯಲ್ಲಿ ಆಯೋಗ, ಟ್ರಸ್ಟಿನ ಮೂಲಕ ಹಣ ಕೊಡುವ ಭರವಸೆಯ ಪತ್ರಗಳನ್ನು ಫುಟ್‌ಬಾಲ್ ಸಂಸ್ಥೆಗಳಿಗೆ ತಿಳಿಸದೆ ಮುಚ್ಚಿಟ್ಟದ್ದು ತಪ್ಪು ಎಂದು ಹೇಳಿ ಹಳೆಯ ಕಂಪನಿಗೆ 2,50,000 ಪೌಂಡ್ ದಂಡ ವಿಧಿಸಿತು. ಅದರಿಂದ ಆಟದಲ್ಲಿ ಅನುಚಿತ ಲಾಭ ಸಿಗಲಿಲ್ಲ ಎಂದು ಹೇಳಿ ಪ್ರಶಸ್ತಿಗಳನ್ನು ಮುಟ್ಟಲಿಲ್ಲ. ಆಗ ಟ್ರಸ್ಟ್ ವ್ಯವಸ್ಥೆ ಕಾನೂನುಬದ್ಧ ಎಂಬ ಮೊದಲ ಹಂತದ ತೀರ್ಪು ಚಾಲ್ತಿಯಲ್ಲಿತ್ತು. 2017ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ವಿರುದ್ಧ ತೀರ್ಪು ಕೊಟ್ಟ ಮೇಲೆ ಸ್ವತಂತ್ರ ಪರಿಶೀಲನೆ ನಡೆಯಲಿ ಎಂದು ಸೆಲ್ಟಿಕ್ ಕೇಳಿತು. ಸ್ಕಾಟಿಷ್ ಫುಟ್‌ಬಾಲ್ ಸಂಸ್ಥೆ ಒಪ್ಪಲಿಲ್ಲ. ನನಗೆ ಇದು ಸರಿ ಕಾಣುವುದಿಲ್ಲ. ಪ್ರಶಸ್ತಿ ಕೀಳಬೇಕೋ ಬೇಡವೋ ಎಂಬುದು ಬೇರೆ ಮಾತು. ಒಂದು ತೀರ್ಮಾನದ ಕೆಳಗಿನ ನೆಲವೇ ಜಾರಿದ ಮೇಲೆ ಅದನ್ನು ಮತ್ತೊಮ್ಮೆ ನೋಡುವುದು ಸಂಸ್ಥೆಯ ಕರ್ತವ್ಯವಾಗಿತ್ತು.

ಇನ್ನು ಉಳಿದದ್ದು, ಇದು ಅದೇ ಕ್ಲಬ್ ಹೌದೇ ಎಂಬ ಜಗಳ. ಯಕ್ಷಗಾನ ಮೇಳಗಳನ್ನು ಬಲ್ಲವರಿಗೆ ಇದರ ತೊಡಕು ಬೇಗ ಅರ್ಥವಾಗುತ್ತದೆ. ಮೇಳ ನಡೆಸುವ ಯಜಮಾನರು ಬದಲಾಗುತ್ತಾರೆ, ಭಾಗವತರೂ ವೇಷಧಾರಿಗಳೂ ಬದಲಾಗುತ್ತಾರೆ, ಆದರೂ ಊರಿನ ಹೆಸರಿನಲ್ಲಿ, ಕ್ಷೇತ್ರದ ಹೆಸರಿನಲ್ಲಿ ಮೇಳ ಅದೇ ಮೇಳವಾಗಿ ತಿರುಗಾಟಕ್ಕೆ ಹೊರಡುತ್ತದೆ. ನಿಮ್ಮೊ ಸ್ಮಿತ್ ಆಯೋಗದ ಮಾತೂ ಇದೇ ದಾರಿಯದು: ಲೀಗ್ ನಿಯಮಗಳ ದೃಷ್ಟಿಯಲ್ಲಿ ಕ್ಲಬ್ ಎಂಬುದು ಮಾಲೀಕ ಕಂಪನಿಯಿಂದ ಬೇರೆಯಾಗಿ ಗುರುತಿಸಬಹುದಾದದ್ದು, ಒಬ್ಬ ಮಾಲೀಕನಿಂದ ಇನ್ನೊಬ್ಬನಿಗೆ ವರ್ಗವಾದರೂ ಅದು ಮುಂದುವರಿಯುತ್ತದೆ. ಸೆಲ್ಟಿಕ್ ಅಭಿಮಾನಿಗಳು ಒಪ್ಪಲಿಲ್ಲ. ರೇಂಜರ್ಸ್ 1899ರಿಂದ ಒಂದು ಕಂಪನಿಯಾಗಿಯೇ ಇತ್ತು, ಆಟಗಾರರ ಜೊತೆ ಒಪ್ಪಂದ ಮಾಡಿಕೊಂಡದ್ದೂ ಸಾಲ ಮಾಡಿದ್ದೂ ಆ ಕಂಪನಿ, ಹಾಗಿರುವಾಗ ಗೆಲುವುಗಳು ಮಾತ್ರ ಹೊಸ ಮನೆಗೆ ಬಂದು ಸಾಲಗಳು ಹಳೆಯ ಮನೆಯಲ್ಲೇ ಉಳಿಯುವುದು ಹೇಗೆ ಎಂದು ಅವರು ಕೇಳಿದರು. 2015ರ ಫೆಬ್ರುವರಿ 1ರ ಲೀಗ್ ಕಪ್ ಸೆಮಿಫೈನಲ್‌ಗೆ ಮೊದಲು ಸೆಲ್ಟಿಕ್ ಅಭಿಮಾನಿಗಳ ಒಂದು ಗುಂಪು ಸಂಡೇ ಹೆರಾಲ್ಡ್ ಪತ್ರಿಕೆಯಲ್ಲಿ ಇಡೀ ಪುಟದ ಜಾಹೀರಾತು ಕೊಟ್ಟು, ಈ ಎರಡು ಕ್ಲಬ್‌ಗಳು ಭೇಟಿಯಾಗುತ್ತಿರುವುದು ಇದೇ ಮೊದಲು ಎಂದು ಸಾರಿತು. ಸೆಲ್ಟಿಕ್ 2–0ಯಿಂದ ಗೆದ್ದಿತು.

ಎರಡೂ ಕಡೆಯ ಮಾತಿನಲ್ಲಿ ನಿಜವಿದೆ. ಆಯೋಗದ ತೀರ್ಮಾನ ಹೇಳಿದ್ದು ನಿಯಮಗಳ ಅರ್ಥ, ಆಡಳಿತಕ್ಕೆ ಅದು ಸಾಕು. ಐಬ್ರಾಕ್ಸ್‌ಗೆ ಬಂದ ಜನರ ಪಾಲಿಗೆ ಕ್ಲಬ್ ಒಂದು ದಿನವೂ ಸತ್ತಿರಲಿಲ್ಲ, ಅದನ್ನು ಯಾವ ನ್ಯಾಯಾಲಯವೂ ಅವರಿಂದ ಕಸಿಯಲಾರದು. ಆದರೆ ಅಭಿಮಾನಿಗಳ ಪ್ರಶ್ನೆ ಬಾಕಿ ಸಿಗದವರ ಪರವಾಗಿಯೂ ಕೇಳಿದ್ದು. ಕ್ಲಬ್ ಮತ್ತು ಕಂಪನಿಯನ್ನು ಸಲೀಸಾಗಿ ಬೇರ್ಪಡಿಸುವ ವಾದಕ್ಕೆ ಅವರ ಮುಂದೆ ಉತ್ತರವಿಲ್ಲ. ತೆರಿಗೆ ಇಲಾಖೆಗೆ ಆಗ ಬಾಕಿ ಬರಬೇಕಾದ ಇತರ ಸಾಮಾನ್ಯರ ಸಾಲಿನಲ್ಲೇ ಜಾಗವಿತ್ತು. 2020ರ ಡಿಸೆಂಬರ್‌ನಿಂದ ಬ್ರಿಟನ್ನಿನ ಕಾನೂನು, ಸಂಬಳದಿಂದ ಕಡಿದ ತೆರಿಗೆ ಮತ್ತು ಮೌಲ್ಯವರ್ಧಿತ ತೆರಿಗೆಯ ಬಾಕಿಯನ್ನು ಸಾಲಿನಲ್ಲಿ ಮುಂದಕ್ಕೆ ತಂದಿದೆ. ಆಂಬುಲೆನ್ಸ್ ಸೇವೆಯವರು, ಸಣ್ಣ ವ್ಯಾಪಾರಿಗಳು ಹಿಂದಿನ ಸಾಲಿನಲ್ಲೇ ಇದ್ದಾರೆ.

ರೇಂಜರ್ಸ್ 2016ರಲ್ಲಿ ಮೇಲಿನ ದರ್ಜೆಗೆ ಮರಳಿತು. 2019ರಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಜೊತೆ ಸಹಯೋಗದ ಒಪ್ಪಂದ ಮಾಡಿಕೊಂಡಾಗ ಇಲ್ಲಿಯ ಅನೇಕರಿಗೆ ಅದರ ಹೆಸರು ಹತ್ತಿರವಾಯಿತು. 2021ರಲ್ಲಿ ಸ್ಟೀವನ್ ಜೆರಾರ್ಡ್ ತರಬೇತಿಯಲ್ಲಿ ಒಂದೂ ಸೋಲಿಲ್ಲದೆ ಲೀಗ್ ಗೆದ್ದು, ಅದನ್ನು 55ನೇ ಪ್ರಶಸ್ತಿ ಎಂದು ಆಚರಿಸಿತು. ಸೆಲ್ಟಿಕ್ ಅಭಿಮಾನಿಗಳು ಅದನ್ನು ಮೊದಲನೆಯದು ಎಂದು ಎಣಿಸಿದರು. 2025ರಲ್ಲಿ ಸೆಲ್ಟಿಕ್ ಕೂಡ 55ಕ್ಕೆ ತಲಪಿತು. ದಾಖಲೆ ಪುಸ್ತಕದಲ್ಲಿ ಆಗ ಇಬ್ಬರೂ ಸಮನಾದರು. 2001ರಿಂದ 2010ರವರೆಗಿನ ರೇಂಜರ್ಸ್‌ನ ಪ್ರಶಸ್ತಿಗಳನ್ನು ಆ ಲೆಕ್ಕದಲ್ಲಿ ಇಡಬೇಕೆ ಎಂದು ಗ್ಲಾಸ್ಗೊದಲ್ಲಿ ಈಗಲೂ ವಾದ ನಡೆದಿದೆ.